ಕೊನೆಗೆ ಉಳಿದದ್ದು

ಬಾಟಲಿ ನೀರಿನ ಕಾರ್ಖಾನೆಯೊಂದರಲ್ಲಿ ಸರ್ವಮಂಗಳಾ ಹನ್ನೊಂದು ವರ್ಷದಿಂದ ನೀರಿನ ಪರೀಕ್ಷಕಿ. ಮಾಡಿದ ಪರೀಕ್ಷೆಗಿಂತ ಮಾಡದ ಪರೀಕ್ಷೆಗೆ ಸಹಿ ಹಾಕಿದ್ದೇ ಹೆಚ್ಚು.

ಆ ಸೋಮವಾರ ಸಿಬ್ಬಂದಿಗೆಲ್ಲ ವ್ಯಕ್ತಿತ್ವ ವಿಕಸನದ ತರಬೇತಿ ಇತ್ತು. ತರಬೇತುದಾರ ನಿರಂಜನ ಪ್ರತಿಯೊಬ್ಬರಿಗೂ ಹತ್ತು ಚೀಟಿ ಹಂಚಿದ.

"ಬದುಕಿನಲ್ಲಿ ನಿಮಗೆ ಯಾವುದು ಮುಖ್ಯವೋ ಬರೀರಿ. ಆಮೇಲೆ ಒಂದೊಂದಾಗಿ ಹರಿದು ಹಾಕಿ. ಕೊನೆಗೆ ಉಳಿಯುತ್ತಲ್ಲ, ಅದೇ ನೀವು. ಕೆಲಸ ಅದರ ಹಿಂದೆ ಬರಬೇಕು, ಮುಂದೆ ಅಲ್ಲ."

ಸಂಬಳ, ಭದ್ರತೆ, ಮರ್ಯಾದೆ ಎಲ್ಲ ಹರಿದ ಮೇಲೆ ಸರ್ವಮಂಗಳಾಳ ಕೈಯಲ್ಲಿ 'ಸತ್ಯ' ಉಳಿಯಿತು. ನಿರಂಜನ ಎಲ್ಲರಿಂದಲೂ ಚಪ್ಪಾಳೆ ಹೊಡೆಸಿದ. ಆಕೆಯ ಕಣ್ಣು ತುಂಬಿ ಬಂತು.

ಮರುದಿನ ಮ್ಯಾನೇಜರು ಎಂದಿನಂತೆ ವರದಿಗಳ ಕಟ್ಟನ್ನು ಮುಂದಿಟ್ಟರು.

"ಪರೀಕ್ಷೆ ಮಾಡದೆ ಸಹಿ ಹಾಕಲ್ಲ ಸಾರ್."

"ಹಾಕೋಕಾಗದಿದ್ರೆ ಕೆಲಸ ಬಿಡಿ."

ಅಲ್ಲೇ ರಾಜೀನಾಮೆ ಬರೆದುಕೊಟ್ಟು ಹೊರಬಂದಳು. ಎದೆ ಹಗುರವಾಗಿತ್ತು. ನೇರ ನಿರಂಜನನ ಕಚೇರಿಗೆ ಹೋಗಿ ಕೈಮುಗಿದಳು.

"ನಿಮ್ಮಿಂದ ನನ್ನ ಕಣ್ಣು ತೆರೀತು ಸಾರ್. ಕೆಲಸ ಬಿಟ್ಟುಬಂದೆ."

"ನಿಜವಾಗ್ಲೂ ಬಿಟ್ರಾ?"

"ಹೂಂ ಸಾರ್. ಫ್ಯಾನಿನ ಕೆಳಗೆ ಕೂತು ಸಹಿ ಹಾಕೋದಷ್ಟೇ ಇತ್ತು. ಒಂದನೇ ತಾರೀಕು ಸಂಬಳ, ಪಿ.ಎಫ್., ಎಲ್ಲ ಇತ್ತು. ಆದ್ರೂ ಸುಳ್ಳಿನ ಅನ್ನ ಬೇಡ ಅನ್ನಿಸ್ತು."

ನಿರಂಜನ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನಾನೂ ಬಿ.ಎಸ್ಸಿ. ಕೆಮಿಸ್ಟ್ರಿನೇ ಮೇಡಂ. ಆ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ಲ ತಾನೇ?"