ಅಕ್ಕನ ಎಡಗೈ

ಅಂಗಡಿಯ ದಯಾನಂದ ಗಾಜಿನ ಮೇಜಿನ ಮೇಲೆ ಮೂರು ಕೀಪ್ಯಾಡ್‌ಗಳನ್ನು ಇಟ್ಟ. ಕೀಬೋರ್ಡನ್ನು ನಡುವೆ ಕತ್ತರಿಸಿ ಎಡಗಡೆಯ ತುಂಡನ್ನಷ್ಟೇ ಉಳಿಸಿಕೊಂಡ ಹಾಗಿದ್ದವು.

"ಗೇಮ್ ಆಡೋರಿಗೆ ಅಂತ್ಲೇ ಮಾಡಿರೋದು. ಒಂದೊಂದು ಬಟನ್‌ಗೂ ಒಳಗೆ ಒಂದೊಂದು ಸ್ಪ್ರಿಂಗ್ ಐತೆ. ಬಲಗೈಯಾಗೆ ಮೌಸು, ಎಡಗೈಯಾಗೆ ಇದು. ಒಬ್ರೇ ಕುಂತು ಆರಾಮಾಗಿ ಆಡಬೌದು ನೋಡ್ರಿ," ಎಂದ.

ಒಬ್ಬರೇ ಎಂದದ್ದಕ್ಕೆ ಸುಷ್ಮಿತಾ ತಮ್ಮನ ಮುಖ ನೋಡಿದಳು. ಪ್ರದೀಪ ಡಬ್ಬಿಯ ಮೇಲೆ ಬರೆದಿದ್ದನ್ನು ಓದುವವನಂತೆ ನಿಂತಿದ್ದ. ಮುಂದಿನ ವಾರ ಅವಳಿಗೆ ಅರಿಶಿನ ಹಚ್ಚುತ್ತಾರೆ. ಹಚ್ಚಿದ ಮೇಲೆ ಮದುಮಗಳು ಊರ ಗಡಿ ದಾಟುವಂತಿಲ್ಲ. ದಾಟುವುದೇನಿದ್ದರೂ ಗಂಡನ ಜೊತೆ ಹೊಸದುರ್ಗಕ್ಕೆ. ಅದಕ್ಕೇ ತಾಯಿ ಮುದ್ದಕ್ಕ, ಸೀರೆಗಳನ್ನು ಕುಚ್ಚು ಕಟ್ಟಲು ಕೊಟ್ಟವಳು, ಹಿರೇಗುಂಟನೂರಿನ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಮಕ್ಕಳಿಬ್ಬರನ್ನೂ ದುರ್ಗದ ಈ ಅಂಗಡಿಗೆ ಕರೆತಂದಿದ್ದಳು.

"ಯಾರ ಕೈಗೆ ಬೇಕು?" ದಯಾನಂದ ಕೇಳಿದ.

"ಇವನಿಗೆ. ಆದ್ರೆ ನಾನು ನೋಡ್ತೀನಿ ಕೊಡ್ರಿ," ಎಂದಳು ಸುಷ್ಮಿತಾ. "ಇವನ ಎಡಗೈ ಬರೀ ವಾಚ್ ಕಟ್ಟೋಕೆ ಐತೆ."

ಮಾತು ಸುಳ್ಳಲ್ಲ. ಮುಚ್ಚಿಹೋದ ಸೈಬರ್ ಸೆಂಟರಿನ ಹಳೇ ಕಂಪ್ಯೂಟರ್ ಮನೆಗೆ ಬಂದಾಗ ಪ್ರದೀಪನಿಗೆ ಇನ್ನೂ ಹಾಲುಹಲ್ಲು. ಇಬ್ಬರಿಗೂ ಆಡಬೇಕು, ಇರುವುದು ಒಂದೇ. ಕಿತ್ತಾಟ ತಾಳಲಾರದೆ ಮುದ್ದಕ್ಕ ರಾಗಿ ಹಿಟ್ಟಿನ ಕೈಯಲ್ಲೇ ಬಂದು ಪಾಲು ಮಾಡಿಕೊಟ್ಟಿದ್ದಳು: ಬಟನ್ನೆಲ್ಲ ಅಕ್ಕನಿಗೆ, ಮೌಸು ತಮ್ಮನಿಗೆ. ಅಂದಿನಿಂದ ಪರದೆಯೊಳಗಿನ ಮನುಷ್ಯನನ್ನು ಓಡಿಸುವವಳು ಸುಷ್ಮಿತಾ, ಅವನ ಕೈಯಿಂದ ಬಾಣ ಬಿಡಿಸುವವನು ಪ್ರದೀಪ. "ಎಡಕ್ಕೋಗೇ, ಎಡಕ್ಕೆ!" "ಮೊದ್ಲು ನೀನು ನೆಟ್ಟಗೆ ಹೊಡಿಯೋ, ಕುರುಡ!" ಒಲೆಯ ಮುಂದೆ ಕುಳಿತ ಮುದ್ದಕ್ಕನಿಗೆ ಎಲ್ಲವೂ ಕೇಳಿಸುತ್ತಿತ್ತು. ಬಟನ್ನಿನ ಸದ್ದು ಬರುತ್ತಿರುವಷ್ಟು ಹೊತ್ತು ಮಕ್ಕಳು ಕ್ಷೇಮ ಎಂದುಕೊಂಡು ಅವಳು ರೊಟ್ಟಿ ಮಗುಚುತ್ತಿದ್ದಳು. ಆಮೇಲೆ ಅವನಿಗೆ ಮೀಸೆ ಬಂತು, ಅವಳ ಕಾಲೇಜು ಮುಗಿಯಿತು. ಪಾಲು ಮಾತ್ರ ಬದಲಾಗಲಿಲ್ಲ.

ಸುಷ್ಮಿತಾ ಮೊದಲನೆಯದನ್ನು ಒತ್ತಿ ನೋಡಿದಳು. "ಇದೇನಮ್ಮ, ಬೆಣ್ಣೆ ಒತ್ತಿದಂಗೆ ಐತೆ." ಎರಡನೆಯದು ಅಗಲ, ಪ್ರದೀಪನ ಕಿರುಬೆರಳು ತುದಿಯ ಬಟನ್ನಿಗೆ ಎಟುಕಲಿಲ್ಲ. ಮೂರನೆಯದು ಅಂಗೈಯಷ್ಟೇ ಇತ್ತು. ಅವಳು ಬಳೆಗಳನ್ನು ಮೇಲೆ ಸರಿಸಿಕೊಂಡು ಬೆರಳಾಡಿಸಿದಳು. ಟಕಟಕ ಸದ್ದು ಅಂಗಡಿಯ ತುಂಬ ಹರಡಿತು.

"ಅದು ಸದ್ದು ಜಾಸ್ತಿ. ಮನ್ಯಾಗೆ ಅಮ್ಮೋರಿಗೆ ತಲೆನೋವು," ಎಂದ ದಯಾನಂದ.

"ಸದ್ದಿಂದೇ ಇರ್ಲಿ ಬಿಡಪ್ಪ," ಎಂದಳು ಮುದ್ದಕ್ಕ. "ಮನೆ ಬಿಕೋ ಅನ್ನಬಾರ್ದು."

ಅಂಗಡಿಯ ಕಂಪ್ಯೂಟರಿಗೇ ಅದನ್ನು ಸಿಕ್ಕಿಸಿ ಪ್ರದೀಪನ ಕೈಗೆ ಕೊಟ್ಟರು. ಪರದೆಯ ಮೇಲಿನ ಮನುಷ್ಯ ನಿಂತಲ್ಲೇ ಗಿರಗಿರ ಸುತ್ತಿದ.

"ಲೇ, ಗಾಣದ ಎತ್ತು ಮಾಡಿದ್ಯಲ್ಲೋ ಅವನ್ನ!" ಸುಷ್ಮಿತಾ ನಗುತ್ತ ತನ್ನ ಬೆರಳುಗಳನ್ನು ಅವನ ಬೆರಳುಗಳ ಮೇಲಿಟ್ಟಳು. "ನಡುಬೆರಳು ಮುಂದಕ್ಕೆ. ಉಂಗುರದ ಬೆರಳು ಎಡಕ್ಕೆ, ತೋರುಬೆರಳು ಬಲಕ್ಕೆ. ನೆಗಿಯೋಕೆ ಹೆಬ್ಬೆರಳು."

"ನಂಗೆ ಬರಲ್ಲ ಬಿಡಕ್ಕ."

"ಬರ್ಲೇಬೇಕು. ಹೊಸದುರ್ಗದಿಂದ ನನ್ನ ಕೈ ಎಟುಕ್ತದೇನೋ?"

ಪ್ರದೀಪ ಕೀಪ್ಯಾಡಿನ ವೈರು ಬಿಚ್ಚಿ ಸುತ್ತತೊಡಗಿದ.

ಮನೆಗೆ ಬಂದ ಮೇಲೆ ದಿನವೂ ಪಾಠ ನಡೆಯಿತು. ಕಾಯಿ ತುರಿಯುವುದನ್ನು, ಬಂದ ನೆಂಟರನ್ನು ಮಾತಾಡಿಸುವುದನ್ನು ಬಿಟ್ಟು ಸುಷ್ಮಿತಾ ತಮ್ಮನ ಪಕ್ಕ ಕೂರುತ್ತಿದ್ದಳು. ಟಕ್ ಎಂದು ಒಂದು ಸದ್ದು, ಬಹಳ ಹೊತ್ತು ಮೌನ, ಮತ್ತೆ ಒಂದು ಟಕ್. ಮಲಗುವ ಮುಂಚೆ ಅವಳು ತಾಯಿಯ ಹತ್ತಿರ ಬಂದು, "ಇವನ ಕೈಯಾಗೆ ಆಗ್ತಿಲ್ಲಮ್ಮ. ನಾನು ಹೋದ ಮೇಲೆ ಆಡೋದೇ ಬಿಡ್ತಾನೇನೋ," ಎನ್ನುತ್ತಿದ್ದಳು. ಮುದ್ದಕ್ಕ ಅವಳ ತಲೆ ಸವರಿ ಕಳಿಸುತ್ತಿದ್ದಳು.

ಅರಿಶಿನದ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಗದ್ದಲವಿರಲಿಲ್ಲ. ಮುದ್ದಕ್ಕನ ಗಂಡ ಲಗ್ನಪತ್ರಿಕೆ ಹಂಚಲು ಹೊಳಲ್ಕೆರೆ ಕಡೆ ಹೋಗಿದ್ದ. ಸುಷ್ಮಿತಾ ಕೂದಲು ಒಣಗಿಸಲು ಮಹಡಿ ಹತ್ತಿದ್ದಳು. ಅಕ್ಕಿ ಆರಿಸುತ್ತಿದ್ದ ಮುದ್ದಕ್ಕನ ಕೈ ಮೊರದ ಮೇಲೆ ತಡೆಯಿತು. ಒಳಗಿನಿಂದ ಟಕಟಕ ಸದ್ದು ಬರುತ್ತಿತ್ತು, ಎಲ್ಲೂ ಎಡವದೆ, ಒಂದೇ ಓಟ. ಮಗಳು ಯಾವಾಗ ಕೆಳಗಿಳಿದು ಬಂದಳು ಎಂದುಕೊಂಡು ಎರಡು ಲೋಟ ಚಹಾ ಹಿಡಿದು ಒಳಗೆ ಹೋದಳು.

ಅಲ್ಲಿ ಪ್ರದೀಪ ಒಬ್ಬನೇ ಇದ್ದ. ಅವನ ಎಡಗೈ ಬೆರಳುಗಳು ನೋಡದೆಯೇ ಬಟನ್ನು ಹುಡುಕಿಕೊಳ್ಳುತ್ತಿದ್ದವು. ಪರದೆಯ ಮನುಷ್ಯ ಗೋಡೆ ಹಾರಿ, ಮಾಳಿಗೆಯಿಂದ ಮಾಳಿಗೆಗೆ ನೆಗೆದು, ಓಡುತ್ತಲೇ ಗುರಿ ತಪ್ಪದೆ ಬಾಣ ಬಿಡುತ್ತಿದ್ದ. ತಾಯಿಯನ್ನು ಕಂಡದ್ದೇ ಹುಡುಗನ ಕಿವಿಗಳು ಕೆಂಪಾದವು.

"ಅಮ್ಮ," ಎಂದ ಮೆಲ್ಲಗೆ, "ಅಕ್ಕಂಗೆ ಹೇಳ್ಬ್ಯಾಡ."

ಮುದ್ದಕ್ಕ ಚಹಾ ಕೆಳಗಿಟ್ಟು ಅವನ ಕತ್ತಿನ ಬೆವರನ್ನು ಸೆರಗಿನಿಂದ ಒರೆಸಿದಳು. ಅಷ್ಟರಲ್ಲಿ ಮಹಡಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

"ಏನಮ್ಮ, ಬಂತಾ ನಿನ್ನ ಮಗಂಗೆ?" ಸುಷ್ಮಿತಾ ಮೇಲಿನಿಂದಲೇ ಕೂಗಿದಳು.

"ಎಲ್ಲಿ ಬರ್ತದೆ, ನೀನೇ ಕುಂತು ಹೇಳ್ಕೊಡು ಬಾ," ಎಂದಳು ಮುದ್ದಕ್ಕ.

ಪ್ರದೀಪ ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟು ಸರಿದು ಕುಳಿತ. ಮಾಳಿಗೆಯ ಮೇಲೆ ಓಡುತ್ತಿದ್ದ ಮನುಷ್ಯ ಕೆಳಗಿಳಿದು, ನೆಟ್ಟಗೆ ನಡೆದುಹೋಗಿ ಕೆರೆಗೆ ಬಿದ್ದ.