ಬರೆದವನ ಮಾತು

ಇವಳಿಗೆ ಹೇಳಿಬಿಡಲೇ? ನಕ್ಕುಬಿಟ್ಟರೆ? ಧಾರಾವಾಹಿಯ ಜೋಡಿಗಳಿಗೆ ದಿನವೂ ಮಾತು ಬರೆದುಕೊಡುವವನಿಗೆ ತನ್ನ ಮಾತು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಎದುರಿಗೆ ಚಹಾ ಕುಡಿಯುತ್ತಿದ್ದವಳು, ಸೆಟ್ಟಿನಲ್ಲಿ ಅವನ ಸಂಭಾಷಣೆಯನ್ನು ನಟರಿಗೆ ಓದಿ ಹೇಳುವವಳು. ಅವಳ ಕೈಯಲ್ಲಿ ಅವನ ಸಂದರ್ಶನ ಬಂದಿದ್ದ ಪತ್ರಿಕೆ ಇತ್ತು.

"ನಮ್ಮ ಸೀರಿಯಲ್‌ನ ಡಾಕ್ಟರಿಗೂ ನರ್ಸಿಗೂ ಬರೀ ಸ್ನೇಹ ಅಂದಿದೀರಿ. ನಿಜಾನಾ ಸಾರ್?"

"ಬರೆದವನು ನಾನೇ ಅಲ್ವಾ?"

"ಮತ್ತೆ ಅವಳಿಗೆ ಗಂಡು ಗೊತ್ತಾದ ದಿನ ಅವನ್ಯಾಕೆ ಊಟ ಬಿಟ್ಟ?"

"ಗ್ಯಾಸ್ಟ್ರಿಕ್ಕು."

"ನೋಡೋ ಹೆಂಗಸರು ಯಾರೂ ಇದನ್ನ ಒಪ್ಪಲ್ಲ."

"ಒಪ್ಪದಿದ್ರೆ ಬಿಡಲಿ."

ಅವಳು ಪತ್ರಿಕೆಯನ್ನು ಮಡಿಸಿದಳು. "ನನ್ನನ್ನ ನೋಡ್ಕೊಂಡು ಹೋದ ಹುಡುಗ ಒಪ್ಪಿದಾನೆ. ನಿನಗೂ ಆ ರೈಟರ್‌ಗೂ ಏನಾದ್ರೂ ಇದೆಯಾ ಅಂತ ಅಪ್ಪ ಕೇಳಿದ್ರು."

ಅವನು ಮಡಿಸಿದ ಪತ್ರಿಕೆಯತ್ತ ನೋಡಿದ. "ಬರೀ ಸ್ನೇಹ ಅಂತ ಹೇಳಿ."

"ನೀವು ಹೀಗೇ ಅಂತೀರಿ ಅಂತ ಗೊತ್ತಿತ್ತು. ಬರೆಯೋರ ಮಾತು ಕಟ್ಕೊಂಡ್ರೆ ಆಗುತ್ತಾ? ಬೆಳಿಗ್ಗೇನೇ ಆ ಹುಡುಗ ಬೇಡ ಅಂದ್ಬಿಟ್ಟೆ. ಭಾನುವಾರ ನಿಮ್ಮನ್ನ ಮನೆಗೆ ಕರ್ಕೊಂಡ್ ಬಾ ಅಂದಿದಾರೆ ಅಪ್ಪ."

ಭಾನುವಾರ ಅವಳ ಮನೆಗೆ ಹೋದಾಗಲೂ, ಪ್ರೀತಿಸುತ್ತೇನೆ ಎಂದು ಅವನು ಹೇಳಲಿಲ್ಲ.