ತಮ್ಮನ ಜ್ವರ, ಅಕ್ಕನ ಹೊಟ್ಟೆಕಿಚ್ಚು

ಸ್ಫೂರ್ತಿಗೆ ತನ್ನ ತಮ್ಮನನ್ನು ಕಂಡರೆ ಹೊಟ್ಟೆಕಿಚ್ಚು…

ಅವನ ಆಟಿಕೆ ಕಂಡು ಅಲ್ಲ. ಅವನಿಗೆ ಬರುವ ಜ್ವರ ಕಂಡು!

ಗದಗಿನಲ್ಲಿ ಒಂದು ಪುಟ್ಟ ಬಾಡಿಗೆ ಮನೆ. ಅಪ್ಪ ಈರಣ್ಣ ಬಸ್ ಕಂಡಕ್ಟರ್. ಅವ್ವ ಸುವರ್ಣಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಸ್ಫೂರ್ತಿ ಮೂರನೇ ಕ್ಲಾಸು. ತಮ್ಮ ಸಮರ್ಥನಿಗೆ ಇನ್ನೂ ಮೂರು ವರ್ಷ.

ಸಮರ್ಥ ನರ್ಸರಿಗೆ ಹೋಗಲು ಶುರು ಮಾಡಿದ್ದೇ ತಡ… ನೆಗಡಿ ಹೋದರೆ ಕೆಮ್ಮು, ಕೆಮ್ಮು ಹೋದರೆ ಕಿವಿನೋವು, ಅದು ಇಳಿಯುವಷ್ಟರಲ್ಲಿ ಮತ್ತೆ ಜ್ವರ.

“ಸಣ್ಣ ಹುಡುಗ್ರು ಸಾಲಿಗೆ ಹೊಂಟ ಮೊದಲ ವರ್ಷ ಹಿಂಗ ಆಗತೈತ್ರಿ. ಹೆದರಬ್ಯಾಡ್ರಿ, ಬೆಳದಂಗ ಕಮ್ಮಿ ಆಗತೈತಿ” ಎಂದು ಡಾಕ್ಟರು ಧೈರ್ಯ ಹೇಳುತ್ತಿದ್ದರು. ಆದರೂ ಹೆತ್ತ ಜೀವ ತಡೆಯಬೇಕಲ್ಲ…

ಜ್ವರ ಬಂದರೆ ಸಮರ್ಥನಿಗೆ ಅವ್ವನ ತೊಡೆಯೇ ಹಾಸಿಗೆ. ಎಳನೀರು, ಮೆತ್ತಗಿನ ಗಂಜಿ, ಅಪ್ಪ ತರುವ ದಾಳಿಂಬೆ. ಅವ್ವ ಕಾಳು ಬಿಡಿಸಿ ಒಂದೊಂದೇ ಅವನ ಬಾಯಿಗಿಡುತ್ತಿದ್ದಳು.

ಸ್ಫೂರ್ತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಅವ್ವಾ, ಜಡಿ ಹಾಕು…”

“ನೀನ ಹಾಕ್ಕೋ ಪುಟ್ಟಿ. ನೀ ಶಾಣ್ಯಾಕಿ ಅಲ್ಲಾ?”

ಮೊದಮೊದಲು ಆ ಮಾತು ಕೇಳಿ ಹಿಗ್ಗುತ್ತಿದ್ದಳು. ಬರಬರುತ್ತಾ ಅದೇ ಮಾತಿಗೆ ಸಿಟ್ಟು ಬರತೊಡಗಿತು. ಪಕ್ಕದ ಮನೆಯವರು ಬಂದರೂ ಸಮರ್ಥನನ್ನೇ ಮಾತಾಡಿಸುವವರು. ಬಿಸ್ಕೆಟ್ ಪ್ಯಾಕೆಟ್ಟೂ ಅವನ ಕೈಗೇ.

ಒಂದು ದಿನ ಅವ್ವ ಫೋನಿನಲ್ಲಿ ತಂಗಿಗೆ ಹೇಳುವುದು ಕೇಳಿಸಿತು… “ಹಿರೇದು ಗಟ್ಟಿ ಐತಿ ಬಿಡು. ಅಕೀದೇನೂ ಚಿಂತಿ ಇಲ್ಲ.”

ನನ್ನ ಚಿಂತೆಯೇ ಇಲ್ಲವಾ?! ಸ್ಫೂರ್ತಿಗೆ ಊಟ ಸೇರಲಿಲ್ಲ.

ಶಾಲೆಯ ವಾರ್ಷಿಕೋತ್ಸವ ಬಂತು. ಕೋಲಾಟದಲ್ಲಿ ಅವಳು ಮುಂದಿನ ಸಾಲಿನಲ್ಲೇ ಇದ್ದಳು. “ಈ ಸಲ ಖರೇನ ಬರ್ತೀನಿ” ಎಂದಿದ್ದಳು ಅವ್ವ.

ಅಂದು ಬೆಳಿಗ್ಗೆಯೇ ಸಮರ್ಥನ ಮೈ ಸುಡತೊಡಗಿತು…

ಕೋಲು ಹೊಡೆಯುತ್ತಲೇ ಸ್ಫೂರ್ತಿ ಕುರ್ಚಿಗಳ ಕಡೆ ಹುಡುಕಿದಳು. ಉಳಿದವರ ಅವ್ವಂದಿರೆಲ್ಲ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದರು. ತಾಳ ತಪ್ಪಿ ಪಕ್ಕದ ಹುಡುಗಿಯ ಬೆರಳಿಗೆ ಏಟು ಬಿತ್ತು.

ಮನೆಗೆ ಬಂದರೆ ಅವ್ವನ ತೊಡೆಯ ಮೇಲೆ ಸಮರ್ಥ!

ಅವತ್ತು ಅವಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು. ‘ಎಲ್ಲಾ ಜ್ವರ ಇವನಿಗೇ ಯಾಕೆ? ನನಗೂ ಬರಲಿ ದೇವರೇ…’

ಕದ್ದು ಕದ್ದು ಅವನ ಎಂಜಲು ಹಾಲು ಕುಡಿದಳು. ಅವನು ಕೆಮ್ಮುವಾಗ ಮುಖ ಹತ್ತಿರ ಒಯ್ದಳು. ಚಳಿಯಲ್ಲಿ ತಲೆ ತೋಯಿಸಿಕೊಂಡು ಅಂಗಳದಲ್ಲಿ ಕುಳಿತಳು. ಒಂದು ಸೀನು ಕೂಡ ಬರಲಿಲ್ಲ!

ಮುಂದಿನ ವಾರ ಸಮರ್ಥನಿಗೆ ಮತ್ತೆ ಕೆಮ್ಮು. ಅಪ್ಪನಿಗೆ ರಜೆ ಇತ್ತು. ನಾಲ್ವರೂ ದವಾಖಾನೆಗೆ ಹೋದರು.

ಡಾಕ್ಟರು ಸಮರ್ಥನ ಎದೆ ನೋಡಿ, ಔಷಧ ಹೇಳಿ, ಕೆನ್ನೆ ತಟ್ಟಿ ಕೈಗೊಂದು ಚಾಕೊಲೇಟ್ ಕೊಟ್ಟರು. ಅವ್ವ ಅವನನ್ನು ಎತ್ತಿಕೊಂಡು ಎದ್ದಳು.

ಸ್ಫೂರ್ತಿ ಏಳಲಿಲ್ಲ.

“ಡಾಕ್ಟರ್ರೀ… ನನಗ ಜ್ವರ ಬರೂ ಔಷಧ ಕೊಡ್ತೀರೇನ್ರಿ?”

ಡಾಕ್ಟರು ನಕ್ಕುಬಿಟ್ಟರು. “ಜ್ವರ ಬರೂ ಔಷಧ ಯಾಕವ್ವಾ? ಸಾಲಿ ತಪ್ಪಸಾಕೇನು?”

“ಅಲ್ರಿ…” ಎಂದಳು ಸ್ಫೂರ್ತಿ. “ಜ್ವರ ಬಂದ್ರ ಅವ್ವ ನನ್ನನ್ನೂ ತೊಡಿ ಮ್ಯಾಲೆ ಮಲಗಿಸ್ಕೋತಾಳ್ರಿ. ನನಗ ಏನ್ ಮಾಡಿದ್ರೂ ಜ್ವರಾನ ಬರವಲ್ದು. ತಮ್ಮನ ಎಂಜಲ ಹಾಲು ಕುಡದ್ರೂ ಬರಲಿಲ್ರಿ…”

ಡಾಕ್ಟರ ನಗು ಅಲ್ಲೇ ನಿಂತಿತು.

ಬಾಗಿಲಲ್ಲಿದ್ದ ಸುವರ್ಣಾ ಹಿಂತಿರುಗಿ ನೋಡಿದಳು. ಡಾಕ್ಟರು ಅವಳ ಕಡೆ ತಿರುಗಿ ಮೆಲ್ಲಗೆ ಹೇಳಿದರು… “ತಂಗೀ, ಹುಡುಗನ ಕೆಮ್ಮು ನಾ ನೋಡ್ಕೋತೀನಿ. ಈ ಮಗಳಿಗೆ ಬೇಕಾದ್ದು ನನ್ನ ಕಡೆ ಇಲ್ಲವ್ವಾ.”

ಸುವರ್ಣಾ ಸಮರ್ಥನನ್ನು ಗಂಡನ ಕೈಗೆ ಕೊಟ್ಟಳು. ಹೊರಗಿನ ಬೆಂಚಿನ ಮೇಲೆ ಕುಳಿತು, ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಉದ್ದುದ್ದ ಬೆಳೆದ ಹುಡುಗಿ… ಕಾಲುಗಳು ನೆಲಕ್ಕೆ ತಾಗುತ್ತಿದ್ದವು. ಸುತ್ತ ಕುಳಿತವರೆಲ್ಲ ನೋಡುತ್ತಿದ್ದರು.

ಸ್ಫೂರ್ತಿ ಮೈ ಬಿಗಿ ಮಾಡಿಕೊಂಡು ಮೆಲ್ಲಗೆ ಹೇಳಿದಳು…

“ಅವ್ವಾ, ನನಗ ಜ್ವರ ಇಲ್ಲ…”

“ಗೊತ್ತೈತಿ ನನ್ನವ್ವಾ… ಗೊತ್ತೈತಿ. ಸುಮ್ನ ಕುಂದ್ರು.”

ಅವ್ವ ಅಳುತ್ತಿದ್ದಳು. ಸ್ಫೂರ್ತಿಯೂ ಅವಳ ಕುತ್ತಿಗೆ ತಬ್ಬಿ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ದಿನ ತಡೆದಿಟ್ಟಿದ್ದೆಲ್ಲ ಒಮ್ಮೆಲೇ ಹೊರಬಂತು.

ಅಪ್ಪನ ಹೆಗಲ ಮೇಲಿದ್ದ ಸಮರ್ಥ ಕೈಚಾಚಿ ಚೀರಿದ… “ನಮ್ಮವ್ವ! ಇಳೀ ಅಕ್ಕಾ!”

“ತಡಿಯೋ ಮಗನ, ಈಗ ನಿಮ್ಮಕ್ಕನ ಪಾಳಿ” ಎಂದ ಈರಣ್ಣ.

ಅಂದಿನಿಂದ ಸಮರ್ಥನ ಕಾಯಿಲೆ ನಿಂತುಹೋಯಿತು ಎಂದಲ್ಲ. ಮುಂದಿನ ತಿಂಗಳೂ ಕಿವಿನೋವು ಬಂತು. ಆದರೆ ಆಗ ಅವನನ್ನು ಅಪ್ಪನ ಮಡಿಲಿಗೆ ಹಾಕಿ, ಅವ್ವ ಸ್ಫೂರ್ತಿಯ ತಲೆ ಬಾಚಿದಳು. ಎಣ್ಣೆ ಹಚ್ಚಿ, ನಿಧಾನವಾಗಿ, ಶಾಲೆಯ ಸುದ್ದಿ ಕೇಳುತ್ತಾ…

ಬೇಸಿಗೆ ಬರುವಷ್ಟರಲ್ಲಿ ಹುಡುಗನೂ ಗಟ್ಟಿಯಾದ.

ಒಂದು ಸಂಜೆ ಅವ್ವ ತೊಡೆ ತಟ್ಟಿ ಕರೆದಳು, “ಬಾ ಪುಟ್ಟಿ.”

“ಬ್ಯಾಡವ್ವಾ, ಆಡಾಕ ಹೊಂಟೀನಿ!” ಎಂದು ಸ್ಫೂರ್ತಿ ಓಡಿಯೇಬಿಟ್ಟಳು.

ಸುವರ್ಣಾ ಕಣ್ಣೊರೆಸಿಕೊಂಡು ನಕ್ಕಳು…

*ಆರೋಗ್ಯವಾಗಿರುವ ಮಗುವಿಗೂ ಅಮ್ಮನ ಮಡಿಲು ಬೇಕು.*

ನಿಮ್ಮ ಮನೆಯಲ್ಲಿ ಏನನ್ನೂ ಕೇಳದೆ ಸುಮ್ಮನಿರುವವರು ಯಾರು? ಇವತ್ತು ಅವರನ್ನು ಕರೆದು, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೀರಾ?